ಸಹಾಯ ಬೇಕು: ಅಮ್ಮನಿಗೆ ದಂತ ಭಾಗ್ಯದಲ್ಲಿ ಹಲ್ಲಿನ ಸೆಟ್ ಸಿಗುತ್ತಾ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 67 ವರ್ಷ. ಮೇಲಿನ ಹಲ್ಲು ಪೂರ್ತಿ ಹೋಗಿದೆ, ಕೆಳಗೆ ನಾಲ್ಕು ಉಳಿದಿವೆ, ಅವೂ ಅಲ್ಲಾಡುತ್ತವೆ. ಕುಚ್ಚಲಕ್ಕಿ ಗಂಜಿಯನ್ನೂ ಬೆರಳಲ್ಲಿ ಕಿವುಚಿ ನುಂಗುತ್ತಾರೆ, ನೋಡೋಕಾಗಲ್ಲ.

60 ದಾಟಿದ ಬಿಪಿಎಲ್‌ನವರಿಗೆ ದಂತ ಭಾಗ್ಯ ಯೋಜನೆಯಲ್ಲಿ ಸೆಟ್ ಉಚಿತ ಅಲ್ವಾ? ಅಮ್ಮನ ಹೆಸರು ಶಿರಸಿಯಲ್ಲಿರುವ ಅಣ್ಣನ ಬಿಪಿಎಲ್ ಕಾರ್ಡಲ್ಲಿದೆ, ಆದರೆ ಈಗ ಅವರು ಇರುವುದು ಕಾರವಾರದಲ್ಲಿ ನನ್ನ ಜೊತೆ. ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿದರೆ ಕಾರ್ಡ್ ಇರುವ ತಾಲೂಕಿನಲ್ಲೇ ತೋರಿಸಿ ಅಂದರು. ಅಣ್ಣ ಅಲ್ಲಿ ವಿಚಾರಿಸಿದರೆ, ಒಂದೇ ಜಿಲ್ಲೆ ತಾನೇ, ಕಾರವಾರದಲ್ಲೇ ಚೀಟಿ ಬರೆಸಿಕೊಂಡು ಸೀದಾ ಡೆಂಟಲ್ ಕಾಲೇಜಿಗೆ ಹೋಗಿ ಅಂದರಂತೆ. ಈ ವಯಸ್ಸಲ್ಲಿ ಅವರನ್ನು ಸುಮ್ನೆ ದೇವಿಮನೆ ಘಟ್ಟ ಹತ್ತಿಸಿ ಇಳಿಸೋಕೆ ಮನಸ್ಸಿಲ್ಲ. ಖಾಸಗಿಯಲ್ಲಿ ಹೇಳುವ ದುಡ್ಡು ನಮ್ಮ ಕೈಗೆ ಜಾಸ್ತಿ.

ಇತ್ತೀಚೆಗೆ ಈ ಯೋಜನೆಯಲ್ಲಿ ಸೆಟ್ ಮಾಡಿಸಿಕೊಂಡವರು, ಇಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ದಯವಿಟ್ಟು ಹೇಳಿ: ಶಿರಸಿ ಕಾರ್ಡ್ ಇಟ್ಟುಕೊಂಡು ಕಾರವಾರದಲ್ಲೇ ಚೀಟಿ ಬರೆಸಬಹುದಾ? ಉಳಿದ ನಾಲ್ಕು ಹಲ್ಲು ಮೊದಲೇ ಕೀಳಿಸಿಕೊಂಡು ಹೋಗಬೇಕಾ, ಅಥವಾ ಅದನ್ನೂ ಕಾಲೇಜಿನಲ್ಲೇ ನೋಡುತ್ತಾರಾ?