ಅಪ್‌ಡೇಟ್: ಕಾರಿನ ಟ್ರ್ಯಾಕರ್‌ಗೆ ಟಿವಿಎಸ್ ಡಯೋಡ್ ಆರಿಸಿದ್ದಾಯ್ತು

12 ವೋಲ್ಟ್ ಕಾರಿನ ಟ್ರ್ಯಾಕರ್ ಬೋರ್ಡಿಗೆ ಎಸ್‌ಎಂಬಿಜೆ16ಎ ಅನ್ನೋ ಟಿವಿಎಸ್ ಡಯೋಡ್ (ವೋಲ್ಟೇಜ್ ದಿಢೀರ್ ಏರಿದಾಗ ತಡೆದು ಬೋರ್ಡ್ ಉಳಿಸುವ ಬಿಡಿಭಾಗ) ಸಾಕಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಕೊನೆಗೆ ಎಸ್‌ಎಂ8ಎಸ್24ಎ ಹಾಕಿದ್ದೇನೆ.

ಬ್ಯಾಟರಿ ಡೌನ್ ಆದಾಗ ಲಾರಿಯ 24 ವೋಲ್ಟ್‌ನಿಂದ ಜಂಪ್ ಸ್ಟಾರ್ಟ್ ಮಾಡುತ್ತಾರಲ್ವಾ? ಎಸ್‌ಎಂಬಿಜೆ16ಎ ಆದರೆ 20 ವೋಲ್ಟ್ ಮುಟ್ಟುವ ಮೊದಲೇ ಕರೆಂಟ್ ಎಳೆಯಲು ಶುರುಮಾಡಿ ಸುಟ್ಟೇ ಹೋಗುತ್ತದೆ. ಲೋಡ್ ಡಂಪ್ ಕಾಟ ಇನ್ನೂ ಜೋರು. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿ ವೈರ್ ಕಳಚಿದರೆ, ವಾಹನಗಳ ಎಲೆಕ್ಟ್ರಾನಿಕ್ಸ್ ಪರೀಕ್ಷೆಯ ಮಾನದಂಡ ಐಎಸ್‌ಒ 16750-2 ಪ್ರಕಾರ 79ರಿಂದ 101 ವೋಲ್ಟ್, ಅದೂ 400 ಮಿಲಿಸೆಕೆಂಡ್ ತನಕ! ಎಸ್‌ಎಂಬಿಜೆಯ 600 ವಾಟ್ ರೇಟಿಂಗ್ 10/1000 ಮೈಕ್ರೋಸೆಕೆಂಡ್ (ಅಂದರೆ ಸುಮಾರು ಒಂದು ಮಿಲಿಸೆಕೆಂಡಿನ) ಪಲ್ಸಿಗೆ ಮಾತ್ರ, ಸುಮ್ನೆ ನಂಬಬೇಡಿ. ಹೊಸದು ಅದೇ ಪಲ್ಸಿಗೆ 6600 ವಾಟಿನದು.

ಅದರ ಕ್ಲ್ಯಾಂಪ್ ವೋಲ್ಟೇಜ್ (ಸರ್ಜ್ ಬಂದಾಗ ಅದು ತಡೆದು ನಿಲ್ಲಿಸುವ ಮಟ್ಟ) 38.9 ವೋಲ್ಟ್. ಹಾಗಾಗಿ 36 ವೋಲ್ಟಿನ ರೆಗ್ಯುಲೇಟರ್ ತೆಗೆದು 60 ವೋಲ್ಟಿನದು ಹಾಕಿದೆ. ಸೈಜ್ ಮಾತ್ರ ಜಾಸ್ತಿ, ಬೋರ್ಡಿನ ಒಂದು ಮೂಲೆ ಪೂರ್ತಿ ಅದಕ್ಕೇ ಹೋಯಿತು.