ಮೇಷ್ಟ್ರು ನೆಟ್ಟ ಕಲ್ಲು, ಮೊಬೈಲಿನ ಗೆರೆ

ಚಿಕ್ಕಪ್ಪನ ಮಗ: (ಮನೆಯವರ ಮೊಬೈಲ್ ಗುಂಪಿಗೆ ಹಾಕಿದ ಚಿತ್ರ: ದಿಶಾಂಕ್ ಆ್ಯಪ್‌ನಲ್ಲಿ ನಮ್ಮ ತೆಂಗಿನ ತೋಟ)
ಎಲ್ಲರೂ ನೋಡಿ. ಇವತ್ತು ಬೆಳಿಗ್ಗೆ ಪೂರ್ವದ ಬೇಲಿಯ ಪಕ್ಕ ನಿಂತು ತೆಗೆದದ್ದು. ಬೇಲಿಯಿಂದ ಆಚೆಗೂ ಸುಮಾರು ಹದಿನೈದು ಅಡಿ ನಮ್ಮ ಸರ್ವೇ ನಂಬರ್ ಎಂದೇ ತೋರಿಸುತ್ತಿದೆ. ಒಂದು ಇಡೀ ಸಾಲು ತೆಂಗು ಆಚೆಯವರ ಪಾಲಾಗಿದೆ.

ಚಿಕ್ಕಪ್ಪನ ಮಗ: ನಮ್ಮ ತೋಟ ಅಳೆದು ಕಲ್ಲು ನೆಟ್ಟ ಸರ್ವೇ ಮೇಷ್ಟ್ರು ಎಂದರೆ ಈ ಮನೆಯಲ್ಲಿ ಎಲ್ಲರೂ ಕೈಮುಗಿಯುತ್ತೀರಿ. ಅವರು ಅಳೆದದ್ದೇ ತಪ್ಪು. ಅಥವಾ ಆಚೆ ತೋಟದವರು ಅವರನ್ನು ಚೆನ್ನಾಗಿ ನೋಡಿಕೊಂಡಿರಬೇಕು.

ಅತ್ತೆ: ಆ ಕೊನೆಯ ಮಾತನ್ನು ಮೊದಲು ಅಳಿಸು.

ಚಿಕ್ಕಪ್ಪನ ಮಗ: ಕೇಳಿದರೆ ತಪ್ಪೇನು ಅತ್ತೆ? ಚಿತ್ರ ಕಣ್ಣ ಮುಂದೆಯೇ ಇದೆಯಲ್ಲ.

ನಾನು: ಕೇಳಿದ್ದು ತಪ್ಪಲ್ಲ. ತೀರಿಕೊಂಡವರ ಮೇಲೆ ಲಂಚದ ಮಾತು ಹಾಕಿದ್ದು ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಚಿತ್ರವನ್ನು ನೋಡೋಣ.

ಆ ಆ್ಯಪ್ ನಾನೂ ಬಳಸುತ್ತೇನೆ. ಹೊಸ ಊರಿಗೆ ಹೋದಾಗ ನಿಂತ ಜಾಗ ಯಾವ ಸರ್ವೇ ನಂಬರಿನಲ್ಲಿದೆ ಎಂದು ತಿಳಿಯಲು ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಆದರೆ ಗಡಿ ಹುಡುಕುವುದಕ್ಕೆ ಅದು ಆಗುವುದಿಲ್ಲ. ಬಟಾಬಯಲಿನಲ್ಲಿಯೂ ಮೊಬೈಲು ನಾಲ್ಕೈದು ಮೀಟರ್ ಅತ್ತಿತ್ತ ತೋರಿಸುತ್ತದೆ, ತೆಂಗಿನ ಗರಿಗಳ ಕೆಳಗೆ ಇನ್ನೂ ಹೆಚ್ಚು. ಅಲ್ಲಿ ಕಾಣುವ ಗೆರೆ ಬಂದದ್ದು ಹಳೆಯ ಗ್ರಾಮ ನಕ್ಷೆಯಿಂದ. ಆ ನಕ್ಷೆಯಲ್ಲಿ ಒಂದು ಅಂಗುಲ ಎಂದರೆ ನೆಲದ ಮೇಲೆ 660 ಅಡಿ. ಅರ್ಧ ಮಿಲಿಮೀಟರ್ ದಪ್ಪದ ಶಾಯಿ ಗೆರೆಯೇ ನೆಲದಲ್ಲಿ ಹದಿಮೂರು ಅಡಿ ಅಗಲವಾಗುತ್ತದೆ. ನೀನು ಹೇಳುವ ಹದಿನೈದು ಅಡಿ ಹೆಚ್ಚುಕಡಿಮೆ ಆ ಗೆರೆಯೊಳಗೇ ಮುಗಿದುಹೋಯಿತು.

ತಂಗಿಯ ಮಗಳು: ದೊಡ್ಡ ಮಾವ ಹೇಳುವುದು ಸರಿ. ನಾವು ಈಗ ಕೆಲಸಕ್ಕೆ ಒಯ್ಯುವ ರೋವರ್ ಎಂಬ ಉಪಗ್ರಹ ಸಂಕೇತದ ಯಂತ್ರ ಸೆಂಟಿಮೀಟರ್ ಲೆಕ್ಕದಲ್ಲಿ ಸ್ಥಾನ ಹೇಳುತ್ತದೆ. ಆದರೆ ಅದಕ್ಕೂ ನಾವು ನಿಂತ ಜಾಗ ಗೊತ್ತೇ ಹೊರತು ಗಡಿ ಗೊತ್ತಿಲ್ಲ. ಗಡಿಗೆ ಮೂಲ ಟಿಪ್ಪಣಿಯನ್ನೇ, ಅಂದರೆ ಮೊದಲು ಅಳೆದಾಗ ಬರೆದಿಟ್ಟ ಅಳತೆಯ ದಾಖಲೆಯನ್ನೇ ತೆಗೆಯಬೇಕು. ಚಿಕ್ಕ ಮಾವ, ನೀವು ಟಿಪ್ಪಣಿಯ ನಕಲು ನೋಡಿದ್ದೀರಾ?

ಚಿಕ್ಕಪ್ಪನ ಮಗ: ನೋಡಿದ್ದೇನೆ. ಅದರಲ್ಲಿ ಆಣೆ ಎಂದು ಬರೆದಿದೆ. ಆಣೆಯಲ್ಲಿ ಜಮೀನು ಅಳೆದವರ ಲೆಕ್ಕವನ್ನು ಇವತ್ತು ನಂಬಬೇಕೇ?

ನಾನು: ನಂಬಬೇಕು. ಮೈಸೂರು ಸೀಮೆಯಲ್ಲಿ 1863ರಿಂದ ನಡೆದ ಅಳತೆಯ ಲೆಕ್ಕ ಅದು. ಸರ್ವೇ ಸರಪಳಿ 33 ಅಡಿ, ಅದರಲ್ಲಿ ಹದಿನಾರು ಆಣೆ. ಒಂದು ಆಣೆಗೆ ಎರಡು ಅಡಿ ಮುಕ್ಕಾಲು ಅಂಗುಲ. ಸರಪಳಿಯನ್ನು ಸರಪಳಿಯಿಂದ ಗುಣಿಸಿದರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಅಂಥ ನಲವತ್ತು ಗುಂಟೆಗೆ ಒಂದು ಎಕರೆ. ನಿನ್ನ ಪಹಣಿಯಲ್ಲಿ ಇವತ್ತಿಗೂ ಇರುವುದು ಆ ಗುಂಟೆಯೇ.

ಇದನ್ನು ನನಗೆ ಹೇಳಿಕೊಟ್ಟವರು ಆ ಮೇಷ್ಟ್ರೇ. ಬೇಸಿಗೆ ರಜೆಯಲ್ಲಿ ಸರಪಳಿಯ ಹಿಂದಿನ ತುದಿ ಹಿಡಿಯಲು ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಇಳಿಜಾರಿನಲ್ಲಿ ಸರಪಳಿಯನ್ನು ನೆಲಕ್ಕೆ ಮಲಗಿಸಿದರೆ ಕೂಡಲೇ ಎತ್ತಿಸುತ್ತಿದ್ದರು. ಮಟ್ಟವಾಗಿ ಹಿಡಿದು, ತುದಿಯಿಂದ ತೂಗುಗುಂಡು ಬಿಟ್ಟು, ಅದು ಅಲ್ಲಾಡುವುದು ನಿಂತ ಮೇಲೆಯೇ ಕಡ್ಡಿ ಚುಚ್ಚಬೇಕು. ಬಿಸಿಲಿಗೆ ತಲೆ ಸುಡುತ್ತಿದ್ದರೂ ಅವರಿಗೆ ಆತುರವಿರಲಿಲ್ಲ.

ಅವರು ತಪ್ಪನ್ನೇ ಮಾಡದವರು ಎಂದು ನಾನು ಹೇಳುವುದಿಲ್ಲ. ಒಂದು ಅಳತೆ ತಪ್ಪಾದದ್ದು ನನಗೆ ಗೊತ್ತು, ತಪ್ಪಿಗೆ ಕಾರಣ ನಾನೇ. ಮುಂದಿನವನು ಪ್ರತಿ ಸರಪಳಿಗೂ ಒಂದು ಕಬ್ಬಿಣದ ಕಡ್ಡಿ ಚುಚ್ಚುತ್ತಾ ಹೋಗುತ್ತಾನೆ, ಹಿಂದಿನವನು ಕಿತ್ತುಕೊಳ್ಳುತ್ತಾ ಬರುತ್ತಾನೆ. ಕೊನೆಯಲ್ಲಿ ಕಡ್ಡಿ ಎಣಿಸಿದರೆ ಎಷ್ಟು ಸರಪಳಿ ಎಂದು ಗೊತ್ತಾಗುತ್ತದೆ. ರಾಗಿ ಕೂಳೆಯ ನಡುವೆ ನಾನು ಒಂದು ಕಡ್ಡಿ ಬೀಳಿಸಿಕೊಂಡೆ. ಹೆದರಿ ಹೇಳಲಿಲ್ಲ. ರಾತ್ರಿ ಲಾಟೀನಿನ ಬೆಳಕಿನಲ್ಲಿ ಲೆಕ್ಕ ಕೂಡಿಸುವಾಗ ವಿಸ್ತೀರ್ಣ ಸರ್ಕಾರಿ ದಾಖಲೆಯಾದ ಆಕಾರ್‌ಬಂದ್‌ಗೆ ತಾಳೆಯಾಗಲಿಲ್ಲ. ಅವರು ನನ್ನ ಕಡೆ ನೋಡಿದರು. ನಾನು ಅತ್ತುಬಿಟ್ಟೆ.

ಬೈಯಲಿಲ್ಲ. ಬೆಳಗಾಗುವ ಮೊದಲೇ ಎಬ್ಬಿಸಿ ಅದೇ ಹೊಲಕ್ಕೆ ಕರೆದುಕೊಂಡು ಹೋದರು. ಇಬ್ಬರು ಹಿಡುವಳಿದಾರರನ್ನೂ ಮನೆಯಿಂದ ಕರೆಸಿ, ‘ನಿನ್ನೆ ನನ್ನ ಎಣಿಕೆ ತಪ್ಪಿದೆ, ಇನ್ನೊಮ್ಮೆ ಅಳೆಯುತ್ತೇನೆ’ ಎಂದರು. ನನ್ನ ಎಣಿಕೆ ಎಂದರು. ಪಕ್ಕದಲ್ಲಿ ಕಡ್ಡಿಗಳ ಕಟ್ಟು ಹಿಡಿದು ನಿಂತಿದ್ದ ನನ್ನ ಹೆಸರು ಅವರ ಬಾಯಿಂದ ಬರಲಿಲ್ಲ, ಆಮೇಲೆ ಎಂದೂ ಬರಲಿಲ್ಲ. ಅವತ್ತು ತೀರ್ಮಾನಿಸಿದೆ, ಇದೇ ಕೆಲಸಕ್ಕೆ ಸೇರುತ್ತೇನೆ ಎಂದು. ಸೇರಿದೆ. ಅಂಥವರು ಆಚೆ ತೋಟದವರಿಂದ ಏನೋ ಪಡೆದಿರಬೇಕು ಎಂದು ನೀನು ನಲವತ್ತು ಜನರಿರುವ ಗುಂಪಿನಲ್ಲಿ ಬರೆದಿದ್ದೀಯ.

ಅತ್ತೆ: ಅಪ್ಪ ನನಗೆ ಮೂವತ್ತು ಗುಂಟೆ ದಾನಪತ್ರ ಮಾಡಿಕೊಟ್ಟಾಗ ಪೋಡಿಗೆ, ಅಂದರೆ ಅಳೆದು ಬೇರೆ ಮಾಡಿಕೊಡಲು ಬಂದವರೂ ಆ ಮೇಷ್ಟ್ರೇ. ಅಣ್ಣಂದಿರು ಎಲ್ಲದಕ್ಕೂ ತಾವೇ ಉತ್ತರ ಕೊಡುತ್ತಿದ್ದರು. ಮೇಷ್ಟ್ರು ಅಳತೆ ನಿಲ್ಲಿಸಿ, ‘ಜಮೀನು ಯಾರದೋ ಅವರು ಬರಲಿ’ ಎಂದು ನನ್ನನ್ನು ಕರೆದು ಟೇಪಿನ ತುದಿ ಕೈಗೆ ಕೊಟ್ಟರು. ನಾಲ್ಕು ಮೂಲೆಗೂ ನಡೆಸಿದರು. ನನ್ನ ಕಲ್ಲು ಎಲ್ಲಿದೆ ಎಂದು ಈಗಲೂ ಕಣ್ಣುಮುಚ್ಚಿ ತೋರಿಸುತ್ತೇನೆ. ಅಳತೆಯ ದಿನ ಅವರು ಯಾರ ಮನೆಯ ಮಜ್ಜಿಗೆಯನ್ನೂ ಮುಟ್ಟುತ್ತಿರಲಿಲ್ಲ, ನಮ್ಮದನ್ನೂ ಕೂಡ. ಇಲ್ಲದ ಮಾತು ಆಡಬೇಡ ಮಗು.

ಚಿಕ್ಕಪ್ಪನ ಮಗ: ಅಳಿಸಿದ್ದೇನೆ ಅತ್ತೆ. ಆ ಮಾತು ಬರೆಯಬಾರದಿತ್ತು.

ಆದರೆ ಅಣ್ಣ, ಒಂದು ಮಾತು. ನೀವೆಲ್ಲ ಊರು ಬಿಟ್ಟವರು. ನುಸಿ ಬಿದ್ದಾಗ ಮರಕ್ಕೆ ಔಷಧಿ ಹಾಕಿದವನು ನಾನು, ಕೊಳವೆಬಾವಿ ಬತ್ತಿದಾಗ ಸಾಲ ಮಾಡಿದವನು ನಾನು. ಆಚೆಯವರು ಪ್ರತಿ ವರ್ಷ ಬೇಲಿಯನ್ನು ಈ ಕಡೆ ಒತ್ತುತ್ತಿದ್ದಾರೆ ಎಂದು ಮೂರು ಸಲ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಿತ್ರ ಹಾಕಿದ ಮೇಲೆ ಇವತ್ತು ಎಲ್ಲರೂ ಮಾತನಾಡುತ್ತಿದ್ದೀರಿ.

ನಾನು: ನೀನು ಹೇಳಿದ್ದು ನಿಜ. ನನಗೂ ಹೇಳಿದ್ದೆ, ‘ನೋಡೋಣ’ ಎಂದು ಸುಮ್ಮನಾದೆ. ಅದು ನನ್ನ ತಪ್ಪು.

ಬೇಲಿ ಸರಿದಿರಬಹುದು. ಕಳ್ಳಿ ಬೇಲಿ ಬೆಳೆಯುತ್ತಾ ಅಗಲವಾಗುತ್ತದೆ, ಹಳೆಯದನ್ನು ಕಡಿದು ಹೊಸದು ನೆಡುವಾಗ ಒಂದೆರಡು ಅಡಿ ಅತ್ತಿತ್ತ ಆಗುತ್ತದೆ. ಆದರೆ ನೀನು ನಿಂತದ್ದು ಬೇಲಿಯ ಹತ್ತಿರ. ಮೇಷ್ಟ್ರು ನೆಟ್ಟದ್ದು ಗಡಿ ಗುರುತಿನ ಬಾಂದು ಕಲ್ಲು. ಅದರಿಂದ ಅಳೆದರೆ ತಾನೇ ಎಷ್ಟು ಒತ್ತುವರಿ ಎಂದು ತಿಳಿಯುವುದು?

ತಂಗಿಯ ಮಗಳು: ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಲು ಅರ್ಜಿ ಹಾಕಿ ಚಿಕ್ಕ ಮಾವ. ಅಕ್ಕಪಕ್ಕದವರಿಗೆ ನೋಟಿಸು ಹೋಗುತ್ತದೆ, ಎಲ್ಲರ ಎದುರಿಗೆ ಅಳೆದು ಮಹಜರು ಬರೆಯುತ್ತಾರೆ. ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ದಾರಿ ಇದೆ. ಆ ಆ್ಯಪ್‌ನ ಚಿತ್ರ ಹಿಡಿದುಕೊಂಡು ಹೋದರೆ ಯಾರೂ ಒಪ್ಪುವುದಿಲ್ಲ.

ಚಿಕ್ಕಪ್ಪನ ಮಗ: ಸರಿ, ಸೋಮವಾರ ಹಾಕುತ್ತೇನೆ. ಆದರೆ ಆ ಕಲ್ಲು ಎಲ್ಲಿದೆ? ನಾನು ಇಷ್ಟು ವರ್ಷದಲ್ಲಿ ನೋಡಿಯೇ ಇಲ್ಲ.

ನಾನು: ಈಶಾನ್ಯ ಮೂಲೆಯಲ್ಲಿ, ಮೂರು ಸರ್ವೇ ನಂಬರುಗಳು ಕೂಡುವ ಕಡೆ. ಕಳ್ಳಿಯ ಬುಡದಲ್ಲಿ ಮುಚ್ಚಿಹೋಗಿರಬೇಕು. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಷ್ಟರಲ್ಲಿ ಆಚೆ ತೋಟದವರಿಗೆ ನೀನೇ ಫೋನು ಮಾಡು. ನೋಟಿಸು ಕೈಗೆ ಬರುವ ಮೊದಲು ನಿನ್ನ ಬಾಯಿಂದಲೇ ವಿಷಯ ತಿಳಿಯಲಿ, ಕಲ್ಲು ಹುಡುಕುವಾಗ ಅವರೂ ಬಂದು ನಿಲ್ಲಲಿ. ಕುಡುಗೋಲು ಇಟ್ಟುಕೊಂಡಿರು. ಹಾರೆ ಬೇಡ, ಕಲ್ಲು ಅಲ್ಲಾಡಬಾರದು.

ಅತ್ತೆ: ಅವರ ಮನೆಯವರು ನನಗೆ ಪರಿಚಯ. ಫೋನಿನಲ್ಲಿ ನಾನೂ ಎರಡು ಮಾತು ಆಡುತ್ತೇನೆ.

ಚಿಕ್ಕಪ್ಪನ ಮಗ: ಈಗಲೇ ಮಾಡುತ್ತೇನೆ. ಅಣ್ಣ, ಬಸ್ ನಿಲ್ದಾಣಕ್ಕೆ ಬೈಕು ತರುತ್ತೇನೆ, ನಡೆದು ಬರಬೇಡಿ.