‘ಟಿಶ್ಯೂ ಟೈಪಿಂಗ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಡೊಂಬಿವಲಿಯ ನಮ್ಮ ಕನ್ನಡ ಬಳಗಕ್ಕಾಗಿ ನೇತ್ರದಾನದ ಮರಾಠಿ ಕರಪತ್ರವೊಂದನ್ನು ಕನ್ನಡಿಸುತ್ತಿದ್ದೇನೆ. ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಕಸಿಯ ಭಾಗದಲ್ಲಿ ಬರುವ ‘ಟಿಶ್ಯೂ ಟೈಪಿಂಗ್’ ಬಳಿ ಲೇಖನಿ ನಿಂತಿದೆ.

ಟಿಶ್ಯೂವಿಗೆ ಮರಾಠಿಯಲ್ಲಿ ‘ಊತೀ’, ಹಿಂದಿಯಲ್ಲಿ ‘ಊತಕ’. ಎರಡರ ಮೂಲದಲ್ಲೂ ನೇಯ್ಗೆಯ ಅರ್ಥವಿದೆ, ಇಂಗ್ಲಿಷ್ ಪದದ ಮೂಲವೂ ಅದೇ. ಆದರೆ ಕನ್ನಡದ ಕಿವಿಗೆ ಊತವೆಂದರೆ ಬಾವು. ‘ಕಣ್ಣಿನ ಊತಕ’ ಎಂದು ಅಚ್ಚಾದರೆ ಕಣ್ಣು ಊದಿದೆಯೆಂದೇ ಓದಿಕೊಂಡಾರು. ಆದ್ದರಿಂದ ಶಾಲಾಪಾಠಗಳಲ್ಲಿ ರೂಢಿಯಾಗಿರುವ ‘ಅಂಗಾಂಶ’ವನ್ನೇ ಉಳಿಸಿಕೊಂಡೆ.

ತೊಡಕಿರುವುದು ‘ಟೈಪಿಂಗ್’ನಲ್ಲಿ. ‘ಹೊಂದಾಣಿಕೆ’ ಎಂದರೆ ತಪ್ಪಾಗುತ್ತದೆ: ಜೀವಕೋಶಗಳ ಮೇಲಿರುವ ಎಚ್‌ಎಲ್‌ಎ ಎಂಬ ಗುರುತುಗಳು ಯಾವುವೆಂದು ಕಂಡುಕೊಳ್ಳುವುದು ಟೈಪಿಂಗ್, ದಾನಿಯ ಗುರುತುಗಳನ್ನು ಕಸಿ ಪಡೆಯುವವರ ಗುರುತುಗಳೊಡನೆ ತಾಳೆ ನೋಡುವುದು ಅದರ ಮುಂದಿನ ಹೆಜ್ಜೆ. ‘ರಕ್ತದ ಗುಂಪು’ ಎಲ್ಲರಿಗೂ ಪರಿಚಿತವಾದ್ದರಿಂದ ಮೊದಲ ಕರಡಿನಲ್ಲಿ ‘ಅಂಗಾಂಶದ ಗುಂಪು’ ಎಂದು ಬರೆದಿದ್ದೆ. ಅದನ್ನು ಓದಿ ಹೇಳಿದಾಗ ಹಿರಿಯರೊಬ್ಬರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, “ನನ್ನದು ಅಪರೂಪದ ರಕ್ತ ಮಾರಾಯರೇ, ನನ್ನ ಕಣ್ಣು ಯಾರಿಗೆ ಆದೀತು?” ಎಂದು ಕೇಳಿದರು. ಅವರು ಕೊಡಲು ಸಿದ್ಧರಾಗಿಯೇ ಬಂದಿದ್ದರು. ಹಿಂಜರಿಯುವಂತೆ ಮಾಡಿದ್ದು ನಾನು ಆರಿಸಿದ ಪದ.

ವಾಸ್ತವದಲ್ಲಿ ಆರೋಗ್ಯವಂತ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲದಿರುವುದರಿಂದ ದೇಹವು ಪರರ ಕಾರ್ನಿಯಾವನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ, ಸಾಮಾನ್ಯ ಕಸಿಗೆ ಈ ಪರೀಕ್ಷೆ ಬೇಕಾಗುವುದಿಲ್ಲ. 1905ರಲ್ಲಿ ನೇತ್ರವೈದ್ಯ ಎಡುವಾರ್ಡ್ ಜಿರ್ಮ್ ಮೊದಲ ಯಶಸ್ವಿ ಕಾರ್ನಿಯಾ ಕಸಿ ಮಾಡಿದಾಗ ಎಚ್‌ಎಲ್‌ಎ ಎಂಬುದೇ ತಿಳಿದಿರಲಿಲ್ಲ. ಹಿಂದಿನ ಕಸಿ ಕೆಟ್ಟವರಲ್ಲಿ, ಕಾರ್ನಿಯಾದೊಳಕ್ಕೆ ರಕ್ತನಾಳ ಬೆಳೆದವರಲ್ಲಿ ಮಾತ್ರ ಇದರ ಪ್ರಶ್ನೆ ಏಳುತ್ತದೆ. ಅಲ್ಲಿಯೂ ಅದರಿಂದ ಎಷ್ಟು ಪ್ರಯೋಜನವೆಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಸಾವಿನ ನಂತರ ಸುಮಾರು 6 ಗಂಟೆಯೊಳಗೆ ಕಣ್ಣು ತೆಗೆಯಬೇಕಾಗಿರುವಾಗ, ಮನೆಯವರು ಒಂದು ಪದದ ದೆಸೆಯಿಂದ ಅನುಮಾನಿಸುತ್ತ ಕೂರುವಂತಾಗಬಾರದು.

‘ಅಂಗಾಂಶದ ಬಗೆ’ ಎನ್ನೋಣವೆಂದರೆ, ‘ಬಗೆ’ಗೆ ಅಗೆದು ತೆಗೆಯುವ ಅರ್ಥವೂ ಇದೆ, ಕಣ್ಣಿನ ವಿಚಾರದಲ್ಲಿ ಅದು ಸಲ್ಲದು. ಈಗ ‘ಅಂಗಾಂಶ ಗುರುತು ಪರೀಕ್ಷೆ’ ಎಂದು ಬರೆದಿಟ್ಟಿದ್ದೇನೆ. ‘ಗುರುತು ಪತ್ತೆ’ ಎಂದರೆ ಪತ್ರಿಕೆಗಳ ಶವದ ಸುದ್ದಿ ನೆನಪಾದೀತೆಂದು ‘ಪತ್ತೆ’ಯನ್ನು ಬಿಟ್ಟೆ. ಆಸ್ಪತ್ರೆಗಳಲ್ಲಿ ರೋಗಿಗಳೊಡನೆ ಕನ್ನಡದಲ್ಲೇ ಮಾತಾಡುವ ವೈದ್ಯರು, ದಾದಿಯರು ಇದನ್ನು ಏನೆಂದು ಹೇಳುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಬೇಕು.